ಆಟದ ಬಯಲಿನ ವೇಷಧಾರಿಗಳು

ಮೈಗೆಲ್ಲ ಹಳದಿ ಬಳಿದು, ಕರಿಯ ಪಟ್ಟೆಗಳನ್ನೆಳೆಸಿಕೊಂಡು, ನಡುವಿಗೆ ಬಾಲ ಕಟ್ಟಿ ಹಲಗಿಯ ಪೆಟ್ಟಿಗೆ ಹೆಜ್ಜೆಯಿಕ್ಕುವ ಮೊಹರಮ್ಮಿನ ಹುಲಿಯನ್ನು ಕಂಡು ಬೆಳೆದ ನವಲಗುಂದ, ಅಣ್ಣಿಗೇರಿಯ ಎರಿಸೀಮೆಯ ಜನರಿಗೆ, ವಿಶ್ವವಿದ್ಯಾಲಯಗಳ ಕ್ರೀಡಾಂಗಣದಲ್ಲಿ ಮನುಷ್ಯನೊಬ್ಬನು ಮೃಗವೇಷ ಧರಿಸಿ ಕುಣಿಯುವನೆಂಬ ಸಂಗತಿ ಅಷ್ಟೇನೂ ಅಪೂರ್ವವಾಗಿ ತೋರಲಾರದು.

ಆ ಪದ್ಧತಿಯ ಮೂಲವನ್ನು ಅರಸಿ ಹೊರಟವರಿಗೆ ಮೊದಲು ಎದುರಾಗುವುದು ವೇಷವಲ್ಲ, ಜೀವಂತ ನಾಯಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನು 1889ರಲ್ಲಿ ತಾನು ಕೊಂಡುತಂದ ಬುಲ್‌ಡಾಗ್ ನಾಯಿಯನ್ನು ಪಂದ್ಯಕ್ಕೆ ಮುನ್ನ ಬಯಲಿನಲ್ಲಿ ನಡೆಸಿದನು. 'ಹ್ಯಾಂಡ್ಸಮ್ ಡ್ಯಾನ್' ಎಂಬ ಅದರ ನಾಮಧೇಯವು ಪಟ್ಟದಂತೆ ಒಂದು ನಾಯಿಯಿಂದ ಇನ್ನೊಂದಕ್ಕೆ ಸಾಗಿ ಇಂದಿಗೂ ಉಳಿದಿದೆ. ಓಹಾಯೋ ರಾಜ್ಯದ ವಿಶ್ವವಿದ್ಯಾಲಯದವರು 1965ರಲ್ಲಿ ತಮ್ಮ ನಾಡಮರದ ಕಾಯಿಯನ್ನೇ ಆರಿಸಿ, ಕಾಗದವನ್ನು ಅಂಟಿನಿಂದ ಪದರುಪದರಾಗಿ ಕಟ್ಟಿದ ಮಹಾಗಾತ್ರದ ಬುರುಡೆಯೊಳಗೆ ವಿದ್ಯಾರ್ಥಿಯನ್ನು ಹೊಗಿಸಿ, ಅದಕ್ಕೆ 'ಬ್ರೂಟಸ್' ಎಂದು ಹೆಸರಿಟ್ಟರು. ಕಾಯಿಗೆ ರೋಮಿನ ವೀರನ ಹೆಸರು! ಪಂಡಿತರ ಊರಲ್ಲವೆ.

ಭಾರತದಲ್ಲಿ ಈ ಪಾತ್ರವನ್ನು ಜನಪ್ರಿಯಗೊಳಿಸಿದ್ದು 1982ರ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಅಪ್ಪು ಎಂಬ ಮರಿಯಾನೆ. ನಮ್ಮ ಕರ್ನಾಟಕದ ಪಾಳಿ ಬಂದದ್ದು, 2020ರಲ್ಲಿ ಭುವನೇಶ್ವರದಲ್ಲಿ ಆರಂಭಗೊಂಡ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಎರಡನೆಯ ಆವೃತ್ತಿಯಲ್ಲಿ. 2021ರ ಹೆಸರನ್ನೇ ಹೊತ್ತಿದ್ದರೂ ಅದು ಬೆಂಗಳೂರಿನಲ್ಲಿ ನಡೆದದ್ದು 2022ರ ಏಪ್ರಿಲ್ 24ರಿಂದ ಮೇ 3ರವರೆಗೆ. ಗರಡಿಯ ಮಲ್ಲಗಂಬಕ್ಕೂ ಯೋಗಾಸನಕ್ಕೂ ಸ್ಥಾನವಿತ್ತ ಆ ಕೂಟದ ಲಾಂಛನಜೀವಿಯಾಗಿ 'ವೀರ' ಎಂಬ ಆನೆಯನ್ನು ಏಪ್ರಿಲ್ ತಿಂಗಳ ಆದಿಯಲ್ಲಿ ಅನಾವರಣಗೊಳಿಸಲಾಯಿತು. ಆನೆ ನಮ್ಮ ರಾಜ್ಯಪ್ರಾಣಿಯಾದುದರಿಂದ ಆಯ್ಕೆ ಉಚಿತವೇ. ಅಪ್ಪುವಿನ ಅನಂತರವೂ ಮತ್ತೆ ಆನೆಯೇ ಎಂದು ಮೂಗೆಳೆಯುವವರಿದ್ದರೆ ಅವರ ಮಾತೂ ಪೂರ್ತಿ ಸುಳ್ಳಲ್ಲ.

ಆದರೆ ಕ್ರೀಡಾಂಗಣದ ವೇಷಕ್ಕೂ ಊರ ವೇಷಕ್ಕೂ ಇರುವ ಅಂತರ ಅಲ್ಪವಾದುದಲ್ಲ. ಅಲ್ಲಿ ದಪ್ಪ ಬಟ್ಟೆಯ ಆನೆಯೊಳಗೆ ಬೆವರುವಾತನ ಮುಖ ಯಾರಿಗೂ ಕಾಣಿಸದು, ಅವನು ಮಾತಾಡಿದರೆ ಆಟವೇ ಕೆಡುವುದು. ಆನೆಗೆ ಸಂದ ಕೈಚಪ್ಪಾಳೆಯಲ್ಲಿ ಅವನ ಪಾಲೆಷ್ಟೆಂದು ಕೇಳುವವರಿಲ್ಲ. ಇಲ್ಲಿಯಾದರೋ ಬಣ್ಣವು ಬರಿಮೈಗೇ ಹತ್ತಿದುದಾದ್ದರಿಂದ ಹುಲಿ ಯಾರ ಮನೆಯ ಮಗನೆಂಬುದು ಓಣಿಗೆಲ್ಲ ಗೊತ್ತು. ಮಗನ ಜಡ್ಡು ವಾಸಿಯಾದರೆ ಹುಲಿವೇಷ ಹಾಕಿಸುವೆನೆಂದು ತಾಯಿ ಹರಕೆ ಹೊತ್ತಿರುತ್ತಾಳೆ, ಹಿಂದೂಗಳೂ ಮುಸಲ್ಮಾನರೂ ಒಂದೇ ಪಂಜೆಯೆದುರು ಸಕ್ಕರಿ ಓದಿಸುವ ಆ ಹಬ್ಬದಲ್ಲಿ, "ಏ, ಬಸ್ಯಾ ಹುಲಿ ಆಗ್ಯಾನ ನೋಡ್ರಿ!" ಎಂಬ ಕೂಗಿನಲ್ಲಿಯೇ ವೇಷದ ಸಾರ್ಥಕ್ಯವಿದೆ.

ಕುಂದಗೋಳ, ಕಲಘಟಗಿಯ ಕಾಲೇಜು ಹುಡುಗರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪರವಾಗಿ ಆಡಲು ಹೋಗುವಾಗ ಅವರ ಮುಂದೆ ವೇಷವೊಂದು ಕುಣಿಯಬೇಕೆಂದು ಯಾರಾದರೂ ಮನಸ್ಸು ಮಾಡಿದಲ್ಲಿ, ಬೊಂಬೆಯಂಗಡಿಗೆ ಹೋಗುವುದಕ್ಕೆ ಮುನ್ನ ಹಲಗಿಯವರನ್ನೊಮ್ಮೆ ವಿಚಾರಿಸುವುದು ಲೇಸು.