ಗೋಧಿಯ ತಳಿಗಳೂ ಸಾರಜನಕ ಗೊಬ್ಬರವೂ

ಸಾರಜನಕ ಗೊಬ್ಬರವನ್ನು ಹೆಚ್ಚಿಸಿದಷ್ಟೂ ಇಳುವರಿ ಹೆಚ್ಚುವುದೆಂಬ ಭಾವನೆ ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಆದರೆ ಗೊಬ್ಬರದ ಫಲವು ಅದರ ಪ್ರಮಾಣವನ್ನಲ್ಲದೆ ಅದನ್ನು ಸ್ವೀಕರಿಸುವ ತಳಿಯ ರಚನೆಯನ್ನೂ ಅವಲಂಬಿಸಿದೆ. ಗೋಧಿಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ.

ಪ್ರೋಟೀನುಗಳಿಗೂ ಪತ್ರಹರಿತ್ತಿಗೂ ಸಾರಜನಕವು ಅತ್ಯವಶ್ಯ. ಅದು ಯಥೇಚ್ಛವಾಗಿ ದೊರೆತಾಗ ಎಲೆಗಳು ಅಗಲವಾಗುತ್ತವೆ, ತೆಂಡೆಗಳು ಹೆಚ್ಚುತ್ತವೆ, ಕಾಂಡ ನೀಳವಾಗುತ್ತದೆ. ಭಾರತದ ಹಳೆಯ ಎತ್ತರದ ತಳಿಗಳಲ್ಲಿ ಈ ನೀಳತೆಯೇ ಕೇಡಿಗೆ ಕಾರಣವಾಗುತ್ತಿತ್ತು. ತೆನೆಯ ಭಾರವನ್ನು ತಾಳಲಾರದೆ ಪೈರು ಗಾಳಿಮಳೆಗೆ ನೆಲಕ್ಕೊರಗುತ್ತಿತ್ತು. ಒರಗಿದ ಪೈರಿನ ಎಲೆಗಳು ಒಂದನ್ನೊಂದು ಮರೆಮಾಡುವುದರಿಂದ ಬೆಳಕು ಸಾಲದೆ ಕಾಳು ಜೊಳ್ಳಾಗುತ್ತಿತ್ತು. ಹೀಗಿರುವಾಗ ರೈತನು ಗೊಬ್ಬರವನ್ನು ಮಿತವಾಗಿ ಬಳಸುತ್ತಿದ್ದುದನ್ನು ಅಜ್ಞಾನವೆನ್ನಲಾಗದು; ಆ ತಳಿಗೆ ಅದೇ ತಕ್ಕುದಾಗಿತ್ತು.

ಇದಕ್ಕೆ ಪರಿಹಾರ ದೊರೆತದ್ದು ಜಪಾನಿನಲ್ಲಿ 1935ರಲ್ಲಿ ಬಳಕೆಗೆ ಬಂದ ‘ನೋರಿನ್ 10’ ಎಂಬ ಗಿಡ್ಡ ತಳಿಯಿಂದ. 1946ರಲ್ಲಿ ಅದರ ಬೀಜ ಅಮೆರಿಕವನ್ನು ಸೇರಿತು. ಅಲ್ಲಿ ಆರ್ವಿಲ್ ವೋಗೆಲ್ ಅವರೂ, ಬಳಿಕ ಮೆಕ್ಸಿಕೊದಲ್ಲಿ ನಾರ್ಮನ್ ಬೋರ್ಲಾಗ್ ಅವರೂ ಅದನ್ನು ಸಂಕರಕ್ಕೆ ಬಳಸಿದರು. 1966ರಲ್ಲಿ ಭಾರತವು ಮೆಕ್ಸಿಕೊದಿಂದ 18,000 ಟನ್ ಬೀಜವನ್ನು ತರಿಸಿಕೊಂಡಿತು. ಮೆಕ್ಸಿಕೊದ ತಳಿಸಂಪತ್ತಿನಿಂದ ಇಲ್ಲಿ ಆಯ್ದ ‘ಕಲ್ಯಾಣ್ ಸೋನಾ’, ‘ಸೋನಾಲಿಕಾ’ ತಳಿಗಳು ಹೊಲಗಳಲ್ಲಿ ಹರಡಿದವು.

ಗಿಡ್ಡತನದ ಮೂಲ ಹೀಗಿದೆ. ಡೆಲ್ಲಾ ಎಂಬ ಪ್ರೋಟೀನುಗಳು ಸಸ್ಯದ ಬೆಳವಣಿಗೆಯನ್ನು ತಡೆಹಿಡಿಯುತ್ತವೆ. ಗಿಬ್ಬರೆಲಿನ್ ಎಂಬ ಹಾರ್ಮೋನು ಅವನ್ನು ನಾಶಗೊಳಿಸಿ ಕಾಂಡವನ್ನು ನೀಳಗೊಳಿಸುತ್ತದೆ. ನೋರಿನ್ ಮೂಲದ ಜೀನುಗಳಿಂದಾದ ಡೆಲ್ಲಾ ಈ ನಾಶಕ್ಕೆ ಸುಲಭವಾಗಿ ಒಳಗಾಗದು. ಆದುದರಿಂದ ಕಾಂಡವು ಮೋಟಾಗಿಯೇ ಉಳಿದು, ಗೊಬ್ಬರ ಹೆಚ್ಚಿದರೂ ಪೈರು ನಿಲ್ಲುತ್ತದೆ. ಕಾಂಡಕ್ಕೆ ವ್ಯಯವಾಗದೆ ಉಳಿದ ಆಹಾರವು ತೆನೆಗೆ ಸಲ್ಲುತ್ತದೆ.

ಆದರೆ ಈ ಲಾಭಕ್ಕೂ ಒಂದು ಬೆಲೆಯುಂಟು. ಡೆಲ್ಲಾ ಪ್ರೋಟೀನು ಬೆಳವಣಿಗೆಯೊಂದಿಗೆ ಸಾರಜನಕದ ಹೀರಿಕೆಯನ್ನೂ ತಗ್ಗಿಸುವುದೆಂದು 2018ರಲ್ಲಿ ಚೀನಾ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಅದಕ್ಕೆ ಎದುರಾಗಿ ವರ್ತಿಸುವ ಜಿಆರ್‌ಎಫ್ 4 ಎಂಬ ಪ್ರೋಟೀನನ್ನು ಹೆಚ್ಚಿಸಿದರೆ, ಗಿಡ್ಡತನ ಕೆಡದೆ ಹೀರಿಕೆ ಸುಧಾರಿಸುವುದೆಂಬುದನ್ನೂ ಅವರು ಕಂಡುಕೊಂಡರು. ಧಾನ್ಯದ ಬೆಳೆಗಳಿಗೆ ನೀಡಿದ ಸಾರಜನಕದಲ್ಲಿ ಸುಮಾರು ಶೇಕಡಾ 33 ಮಾತ್ರ ಕಾಳನ್ನು ಸೇರುವುದೆಂದು 1999ರ ಒಂದು ಅಂದಾಜು ಹೇಳುತ್ತದೆ. ಉಳಿದುದರಲ್ಲಿ ಬಹುಭಾಗ ವಾಯುವಾಗಿ ಹಾರಿಹೋಗುತ್ತದೆ, ಇಲ್ಲವೆ ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ನಷ್ಟ ರೈತನಿಗೂ ಹೌದು, ಆ ನೀರನ್ನು ಕುಡಿಯುವವರಿಗೂ ಹೌದು.

ಹೆಚ್ಚು ಗೊಬ್ಬರವನ್ನು ತಾಳಿ ನಿಲ್ಲುವುದು ಒಂದು ಗುಣ. ಮಿತವಾದ ಗೊಬ್ಬರವನ್ನು ಹೀರಿ ಕಾಳಾಗಿಸುವುದು ಬೇರೊಂದು ಗುಣ. ಒಂದೇ ಮಟ್ಟದ ಗೊಬ್ಬರದಲ್ಲಿ ನಡೆಸಿದ ಪ್ರಯೋಗವು ಇವೆರಡನ್ನು ಬೇರ್ಪಡಿಸಲಾರದು. ಗೊಬ್ಬರವಿಲ್ಲದ ಮಡಿಯಿಂದ ಮೊದಲುಗೊಂಡು ಹಲವು ಮಟ್ಟಗಳಲ್ಲಿ ತಳಿಗಳನ್ನು ಹೋಲಿಸಿದಾಗಲೇ ಯಾವ ತಳಿ ಯಾವ ನೆಲಕ್ಕೆ ಯುಕ್ತವೆಂಬುದು ತಿಳಿಯುತ್ತದೆ.