ಕಾರಿನ ಗಾಜಿನ ಬಿಳಿ ಕಲೆ: ತಪ್ಪು ಬಟ್ಟೆಯದಲ್ಲ, ನೀರಿನದು

ಕಳೆದ ಜೂನ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಹಾಸನದಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ರಾತ್ರಿ ಒಂಬತ್ತರ ಹೊತ್ತು, ನೆಲಮಂಗಲ ಇನ್ನೇನು ಬಂತು ಅನ್ನುವಾಗ ಸಣ್ಣಗೆ ಮಳೆ ಶುರುವಾಯ್ತು. ಎದುರಿನಿಂದ ಬಂದ ಲಾರಿಯ ಹೆಡ್‌ಲೈಟ್ ಬಿದ್ದದ್ದೇ ತಡ, ಮುಂದಿನ ಗಾಜಿನ ತುಂಬಾ ಯಾರೋ ಬೆಳಕಿನ ಪುಡಿ ಎರಚಿದ ಹಾಗಾಯ್ತು. ವೈಪರ್ ಜೋರು ಮಾಡಿದೆ, ಹೋಗಲಿಲ್ಲ. ಹಿಂದಿನ ಲೈಟೇ ಇಲ್ಲದ ಒಂದು ಮೊಪೆಡ್ ನನಗೆ ಕಂಡಿದ್ದು ಅಪ್ಪ "ಲೋ, ಬ್ರೇಕು!" ಅಂತ ಕೂಗಿದ ಮೇಲೆ.

ಏನೂ ಆಗಲಿಲ್ಲ. ಮೊಪೆಡ್‌ನವರು ತಿರುಗಿಯೂ ನೋಡದೆ ಹೋದರು. ಆದರೆ ಮನೆ ತಲುಪುವ ತನಕ ಅಪ್ಪ ಒಂದು ಮಾತೂ ಆಡಲಿಲ್ಲ.

ಆ ಸಿಟ್ಟೆಲ್ಲ ಮರುದಿನ ಬೆಳಗ್ಗೆ ಹೊರಬಿದ್ದಿದ್ದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ತೊಳೆಯುವ ಅಣ್ಣನ ಮೇಲೆ. ಅವರು ತಿಂಗಳಿಗೆ ಆರುನೂರು ರೂಪಾಯಿಯಂತೆ, ಬೆಳಗ್ಗೆ ಎಂಟರೊಳಗೆ ಇಪ್ಪತ್ತೆರಡು ಕಾರು ಮುಗಿಸ್ತಾರೆ. "ಕೊಳೆ ಬಟ್ಟೆಯಲ್ಲಿ ಒರೆಸಿ ಒರೆಸಿ ಗಾಜೆಲ್ಲ ಹಾಳಾಗಿದೆ. ಮುಂದಿನ ತಿಂಗಳಿಂದ ಬೇರೆಯವರನ್ನ ನೋಡ್ಕೋತೀನಿ" ಅಂದುಬಿಟ್ಟೆ. ಅವರು ಜಗಳ ಆಡಲಿಲ್ಲ. ಕೈಲಿದ್ದ ಬಕೆಟ್ಟಿನ ನೀರು ಚೆಲ್ಲಿ, ಅದನ್ನು ನನ್ನ ಕಡೆ ವಾಲಿಸಿ ತೋರಿಸಿದರು. ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ.

"ಸರ್, ನನ್ನ ಬಕೆಟ್ಟನ್ನ ಯಾರು ಕೊಳೆ ಬಟ್ಟೇಲಿ ಒರೆಸಿದ್ರು?"

ಇಂಜಿನಿಯರಿಂಗ್ ಓದಿದವನು ನಾನು. ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿಯಲ್ಲಿ ಗಡಸು ನೀರಿನ ಪಾಠ ಬರೆದು ಪಾಸಾಗಿದ್ದೇನೆ ಕೂಡ.

ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಬಿಸಿಲಿಗೆ ನೀರು ಆವಿಯಾಗುತ್ತೆ, ಲವಣ ಗಾಜಿನ ಮೇಲೇ ಕೂರುತ್ತೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು ಅಂತಿದೆ. ಬೇರೆ ನೀರೇ ಸಿಗದಿದ್ದರೆ 600ರ ತನಕ ಒಪ್ಪಬಹುದು. ನಮ್ಮ ಬೋರ್‌ವೆಲ್ಲಿನ ರಿಪೋರ್ಟ್ ತೆಗೆದು ನೋಡಿದರೆ 540. ತೊಳೆದ ಮೇಲೆ ಕಾರಿನ ಮೇಲೆ ಒಂದು ಲೋಟ, ಅಂದರೆ 200 ಮಿಲಿ ನೀರು ಉಳಿದು ಒಣಗಿತು ಅಂದ್ಕೊಳ್ಳಿ. ದಿನಕ್ಕೆ ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣ. ವಾರಕ್ಕೆ ಆರು ದಿನದ ಲೆಕ್ಕದಲ್ಲಿ ವರ್ಷಕ್ಕೆ ಮೂವತ್ತು ಗ್ರಾಂ ದಾಟುತ್ತೆ. ಒರೆಸುವಾಗ ಬಹುಪಾಲು ಹೋಗುತ್ತೆ, ನಿಜ. ಉಳಿದ ಸ್ವಲ್ಪವೇ ರಾತ್ರಿ ಎದುರಿನ ಬೆಳಕನ್ನು ಚದುರಿಸಿ ಕಣ್ಣು ಕುಕ್ಕಿಸುತ್ತೆ.

ಆ ಭಾನುವಾರ ಅಪ್ಪ, ನಾನು ಇಬ್ಬರೂ ಕೂತೆವು. ಗಾಜು ನನ್ನ ಪಾಲಿಗೆ.

ಕಾರನ್ನು ನೆರಳಿಗೆ ತಂದು, ಗಾಜು ಪೂರ್ತಿ ತಣ್ಣಗಾಗಲಿ ಅಂತ ಬಿಟ್ಟೆ. ಅಡುಗೆಮನೆಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಟಿಶ್ಯೂ ಪೇಪರ್ ಅದ್ದಿ ಗಾಜಿಗೆ ಅಂಟಿಸಿದೆ. ಬರೀ ಸ್ಪ್ರೇ ಮಾಡಿದರೆ ಜಾರಿ ಕೆಳಗೆ ಬಂದುಬಿಡುತ್ತೆ. ಪೇಪರ್ ಇದ್ದರೆ ಐದು ನಿಮಿಷ ನಿಂತು ಕೆಲಸ ಮಾಡುತ್ತೆ. ಆಮ್ಲ ಸುಣ್ಣವನ್ನು ಕರಗಿಸುತ್ತೆ, ಅಷ್ಟೇ ವಿಷಯ. ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ಶಾಂಪೂ ನೀರಲ್ಲಿ ಚೆನ್ನಾಗಿ ತೊಳೆಯಬೇಕು. ವಿನೆಗರ್ ಪೇಂಟ್ ಮೇಲೆ, ಕ್ರೋಮ್ ಪಟ್ಟಿಯ ಮೇಲೆ ನಿಂತು ಒಣಗೋದು ಒಳ್ಳೆಯದಲ್ಲ. ಇನ್ನೊಂದು ಮಾತು: ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಿ ಅಂತ ಹೇಳುವ ರೀಲ್ಸ್ ನಂಬಬೇಡಿ. ನೊರೆ ನೋಡೋಕೆ ಚಂದ, ಆದರೆ ಸೋಡಾ ಆ ಆಮ್ಲವನ್ನೇ ತಿಂದು ಹಾಕುತ್ತೆ.

ಮುಕ್ಕಾಲು ಪಾಲು ಕಲೆ ಹೋಯ್ತು. ಉಳಿದವು ವಿನೆಗರಿಗೆ ಜಗ್ಗಲಿಲ್ಲ. ಉಗುರಲ್ಲಿ ಕೆರೆದರೂ ಇಲ್ಲ. ನೀರಲ್ಲಿರುವ ಸಿಲಿಕಾ ಗಾಜಿಗೆ ಅಂಟಿದರೆ ಇಂಥ ಆಮ್ಲಕ್ಕೆ ಕರಗಲ್ಲ. ತಿಂಗಳಾನುಗಟ್ಟಲೆ ಬಿಟ್ಟ ಕಲೆ ಗಾಜನ್ನೇ ಸ್ವಲ್ಪ ಕೊರೆದಿರಲೂಬಹುದು. ಇದಕ್ಕೆ ಸೀರಿಯಂ ಆಕ್ಸೈಡ್ ಅನ್ನುವ ಗಾಜಿನ ಪಾಲಿಶ್ ಪುಡಿ ಬೇಕು. ಮೂಗಿಗೆ ಮಾಸ್ಕ್ ಹಾಕಿಕೊಂಡು, ನೀರಲ್ಲಿ ಮೊಸರಿನ ಹದಕ್ಕೆ ಕಲಸಿ, ಫೆಲ್ಟ್ ಪ್ಯಾಡಿನಲ್ಲಿ ಅಂಗೈಯಷ್ಟು ಜಾಗ ಉಜ್ಜಿ, ಒಣಗದಂತೆ ನೀರು ಚಿಮುಕಿಸ್ತಾ ಇರಬೇಕು. ಪಕ್ಕದ ಗಾಜೊಂದಕ್ಕೇ ನನಗೆ ನಲವತ್ತು ನಿಮಿಷ ಹಿಡಿಯಿತು, ತೋಳು ಬಿದ್ದುಹೋಯ್ತು. ಮುಂದಿನ ಗಾಜಿನಲ್ಲಿ, ಅದರಲ್ಲೂ ಡ್ರೈವರ್ ಕಣ್ಣಿನ ನೇರಕ್ಕೆ, ಮೆಷಿನ್ ಹಿಡಿದು ಪ್ರಯೋಗಕ್ಕೆ ಇಳಿಯಬೇಡಿ. ಒಂದೇ ಕಡೆ ಹೆಚ್ಚು ಸವೆದರೆ ರಸ್ತೆಯೇ ಡೊಂಕಾಗಿ ಕಾಣುತ್ತೆ. ಅದನ್ನು ಗೊತ್ತಿರುವವರಿಗೇ ಬಿಡಿ. ಬಾತ್‌ರೂಮ್ ಆಸಿಡ್ಡಂತೂ ಬೇಡವೇ ಬೇಡ. ಹೈಡ್ರೋಫ್ಲೋರಿಕ್ ಆಸಿಡ್ ಇರುವ ಕ್ಲೀನರ್‌ಗಳೂ ಇವೆ. ಅದು ಗಾಜನ್ನೇ ತಿನ್ನುತ್ತೆ, ಚರ್ಮದ ಮೂಲಕ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತೆ. ಬಾಟಲಿಯ ಮೇಲೆ ಏನಿದೆ ಅಂತ ಬರೆದಿಲ್ಲದ ದ್ರವವನ್ನು ಮುಟ್ಟಬೇಡಿ.

ಅಷ್ಟು ಹೊತ್ತೂ ಅಪ್ಪ ಡಿಕ್ಕಿಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬ್ಯಾಡ್ಜ್ ಅವರ ಪಾಲಿಗೆ. ಈ ಕಾರನ್ನು ಅವರು 2013ರಲ್ಲಿ ತಗೊಂಡಿದ್ದು, ಪ್ರತಿ ಆಯುಧಪೂಜೆಗೆ ಮುಂದಿನ ಲೋಗೋಗೆ, ಹಿಂದಿನ ಅಕ್ಷರಗಳಿಗೆ ಅರಿಶಿನ, ಕುಂಕುಮ, ಗಂಧ ಹಚ್ಚೋದೂ ಅವರೇ. ಅದು ಮೇಲ್ಮೇಲೆ ತೊಳೆದು ಹೋದರೂ ಅಕ್ಷರಗಳ ಸಂದಿಯಲ್ಲಿ ವರ್ಷದ ಮೇಲೆ ವರ್ಷ ಕೂತಿತ್ತು. ಜೊತೆಗೆ ಹಿಂದೆ ಯಾರೋ ಪಾಲಿಶ್ ಮಾಡಿ ಬಿಟ್ಟ ಬಿಳಿ ಪುಡಿ. ಕಡು ನೀಲಿ ಕಾರು, ಎದ್ದು ಕಾಣುತ್ತೆ.

ಇಲ್ಲಿ ಬಲ ಪ್ರಯೋಗ ನಡೆಯಲ್ಲ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ತೆಳು. ಬ್ಯಾಡ್ಜ್ ಅಂಚಿಗೆ ಪಾಲಿಶಿಂಗ್ ಮೆಷಿನ್ ತಾಗಿಸಿದರೆ ಒಂದೇ ಕಡೆ ಬಿಸಿಯಾಗಿ ಅದು ಸುಟ್ಟುಹೋಗಬಹುದು. ಟೂತ್‌ಬ್ರಷ್ ಕೂಡ ಗೀರು ಬೀಳಿಸುತ್ತೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜೋದು ಇನ್ನೂ ಕೆಟ್ಟದ್ದು. ಅಪ್ಪ ನನ್ನ ಸ್ಕೂಲ್ ದಿನಗಳ ಡ್ರಾಯಿಂಗ್ ಬ್ರಷ್ ಎಲ್ಲಿಂದಲೋ ಹುಡುಕಿ ತಂದಿದ್ದರು. ಶಾಂಪೂ ನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಲ್ಲಿ ಅಕ್ಷರ ತಿದ್ದಿದ ಹಾಗೆ ಒಂದೊಂದೇ ಸಂದಿ ಬಿಡಿಸಿದರು. ಬ್ರಷ್ ಹೋಗದ ಮೂಲೆಗೆ ಟೂತ್‌ಪಿಕ್ಕಿಗೆ ಮೆತ್ತನೆ ಬಟ್ಟೆ ಸುತ್ತಿ. ಬರೀ ಕಡ್ಡಿ ಬೇಡ. ಆಮೇಲೆ ಅಕ್ಷರಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸುತ್ತಲಿನ ಪೇಂಟಿಗೆ ಮಾತ್ರ ಬೆರಳಲ್ಲೇ ಸ್ವಲ್ಪ ಪಾಲಿಶ್. ಟೇಪ್ ಇದ್ದರೆ ಪುಡಿ ಮತ್ತೆ ಸಂದಿಗೆ ಇಳಿಯಲ್ಲ.

ಬ್ಯಾಡ್ಜನ್ನೇ ಕಿತ್ತು ಕ್ಲೀನ್ ಮಾಡಬಹುದಲ್ಲ ಅಂತ ಕೇಳಿದೆ. ಸಾಧ್ಯ ಇದೆ: ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ, ಡೆಂಟಲ್ ಫ್ಲಾಸನ್ನು ಹಿಂದೆ ತೂರಿಸಿ ಅಂಟು ಕತ್ತರಿಸ್ತಾರೆ. ಆದರೆ ಅದರಡಿಯ ಬಣ್ಣ ಬಿಸಿಲು ಕಂಡಿರಲ್ಲ, ಹಳೆ ಕಾರಲ್ಲಿ ಹೆಸರಿನ ನೆರಳು ಹಾಗೇ ಉಳಿಯುತ್ತೆ. ಅಪ್ಪನ ಉತ್ತರ ಇನ್ನೂ ಚಿಕ್ಕದು. "ಪೂಜೆ ಮಾಡಿದ್ದು ಕಣೋ, ಕೀಳ್ತಾರಾ?"

ಆ ರಾತ್ರಿಯ ಬಗ್ಗೆ ಅಪ್ಪ ಮಾತೆತ್ತಿದ್ದು ಆಗಲೇ. ನನಗೆ ಸಿಟ್ಟಾಗಿದ್ದಾರೆ ಅಂದ್ಕೊಂಡಿದ್ದೆ. ಹಾಸನದಲ್ಲಿ ಎಷ್ಟೋ ದಿನದಿಂದ ರಾತ್ರಿ ಓಡಿಸುವಾಗ ಹಾಗೇ ಮಂಜು ಮಂಜು ಕಾಣ್ತಿತ್ತಂತೆ. ಕಣ್ಣಿಗೆ ಪೊರೆ ಬಂದಿರಬೇಕು, ಹೇಳಿದರೆ ಕೀ ಕಿತ್ಕೋತೀವಿ ಅಂತ ಸುಮ್ಮನಿದ್ದರಂತೆ. ಗಾಜು ಕ್ಲೀನ್ ಆದ ಮೇಲೂ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಡಗಣ್ಣಲ್ಲಿ ಪೊರೆ ಶುರುವಾಗಿದೆ. ಈಗ ರಾತ್ರಿ ಡ್ರೈವಿಂಗ್ ನನ್ನದು.

ಅಣ್ಣನ ಹತ್ತಿರ ಕ್ಷಮೆ ಕೇಳಿದೆ. "ಬಿಡಿ ಸರ್" ಅಂದರು. ನೀರು ಬದಲಾಯಿಸೋದು ಹೇಗೆ ಅನ್ನೋದೇ ದೊಡ್ಡ ಪ್ರಶ್ನೆಯಾಗಿತ್ತು. ಕಾವೇರಿ ನೀರಲ್ಲಿ ಕಾರು ತೊಳೆಯೋ ಮಾತೇ ಇಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿರಬಹುದು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ನಮ್ಮಲ್ಲಿ ಅನೇಕರು ಹೆಮ್ಮೆಯಿಂದ ಕಾರಿಗೆ ಕೊಡ್ತಾರೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ, ಆದರೆ ಶುದ್ಧ ನೀರಿಂದ ತೆಗೆದ ಲವಣವೆಲ್ಲ ಸೇರಿ ಅದು ಬೋರ್‌ವೆಲ್ಲಿಗಿಂತ ಗಡಸು. ನೆಲ ಒರೆಸೋಕೆ ಇಟ್ಕೊಳ್ಳಿ.

ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಗಾಳಿಯ ತೇವವೇ ನೀರಾಗಿದ್ದು, ಲವಣ ಇಲ್ಲ ಅನ್ನುವಷ್ಟು ಕಡಿಮೆ. ಮಳೆಗಾಲದಲ್ಲಿ ಮಳೆನೀರೂ ಹಾಗೇ. ಬೋರ್‌ವೆಲ್ ನೀರಲ್ಲೇ ತೊಳೆದರೂ ಗಾಜಿಗೆ, ಕನ್ನಡಿಗೆ ಕೊನೆಯಲ್ಲಿ ಒಂದು ಲೀಟರ್ ಈ ನೀರು ಹಾಕಿ, ಒಣಗುವ ಮೊದಲೇ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ದಿನಾ ತೊಳೆಯೋದು ಬೇಡ, ವಾರಕ್ಕೆರಡು ಸಲ ಸಾಕು, ಆದರೆ ಆರುನೂರೇ ಕೊಡ್ತೀನಿ ಅಂತ ಅಣ್ಣನಿಗೆ ಹೇಳಿದೆ.

ನಮ್ಮನೆ ಎಸಿ ನೀರಿನ ಕ್ಯಾನನ್ನು ಲಿಫ್ಟ್ ಪಕ್ಕ ಇಡ್ತೀನಿ. ಕಳೆದ ವಾರ ನೋಡಿದರೆ ಅದರ ಪಕ್ಕ ಇನ್ನೂ ಮೂರು ಕ್ಯಾನ್ ಇದ್ದವು. ಯಾವುದು ಯಾವ ಫ್ಲ್ಯಾಟಿನದು ಅಂತ ಅಣ್ಣ ಮುಚ್ಚಳಗಳ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದಾರೆ.