ಗುಡ್ಡಕ್ಕೆ ಎಷ್ಟು ಗೆರೆ?

ಮೇ ತಿಂಗಳ ಸಂಜೆ ದಿಲ್ಲಿಯಲ್ಲಿ ಆಂಧಿ ಎದ್ದಿತೆಂದರೆ ನಮ್ಮ ಕನ್ನಡಿಗರ ಮನೆಗಳಲ್ಲಿ ಕಿಟಕಿ ಮುಚ್ಚುವ ಗಡಿಬಿಡಿ. ಒಣಹಾಕಿದ ಹಪ್ಪಳದ ಮೇಲೂ ಧೂಳು! ಮರುಭೂಮಿಗೂ ನಮಗೂ ನಡುವೆ ಒಂದು ಗೋಡೆಯಿರುವುದರಿಂದ ನಾವು ಇಷ್ಟಕ್ಕೇ ಪಾರಾಗುತ್ತಿದ್ದೇವೆ. ಆ ಗೋಡೆಯೇ ಅರಾವಳಿ.

ಗುಜರಾತಿನಿಂದ ದಿಲ್ಲಿಯವರೆಗೆ ಇದರ ಉದ್ದ ಸುಮಾರು 700 ಕಿಲೋಮೀಟರು. ಅತ್ಯುನ್ನತವಾದ ಗುರುಶಿಖರ 1,722 ಮೀಟರು. ಸರಕಾರಿ ಸೌಧಗಳು ನಿಂತಿರುವ ರಾಯ್‌ಸೀನಾ ಗುಡ್ಡವೂ ಇದರದೇ ಕುಡಿ. ಪಡುವಣಕ್ಕೆ ಥಾರ್ ಮರುಭೂಮಿ.

ಸರ್ವೇ ಆಫ್ ಇಂಡಿಯಾದ ಭೂಪಟವೊಂದನ್ನು ಮೇಜಿನ ಮೇಲೆ ಹರಡಿ ನೋಡೋಣ. ಅದರಲ್ಲಿ ಒಂದು ಸೆಂಟಿಮೀಟರೆಂದರೆ ನೆಲದ ಮೇಲೆ ಅರ್ಧ ಕಿಲೋಮೀಟರು. ಕಂದು ಗೆರೆಗಳು ಸಮೋನ್ನತಿ ರೇಖೆಗಳು; ಒಂದು ರೇಖೆಯ ಮೇಲಿನ ಸ್ಥಳಗಳೆಲ್ಲ ಒಂದೇ ಎತ್ತರ. ರೇಖೆಗೂ ರೇಖೆಗೂ ಸಾಮಾನ್ಯವಾಗಿ 20 ಮೀಟರು. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ಸರಿದರೆ ಬಯಲು. ನೀರಿರುವ ಹೊಳೆಗೆ ನೀಲಿ ಬಣ್ಣ, ಒಣಗಿದ ಹಳ್ಳಕ್ಕೆ ಕಪ್ಪು. ಕಾವೇರಿ, ತುಂಗೆಯರನ್ನು ಕಂಡ ನಮಗೆ ಕಪ್ಪು ಹಳ್ಳಗಳನ್ನು ಕಂಡು ಕರುಳು ಚುರ್ರೆನ್ನುತ್ತದೆ. ಬಂಡೆ ನಿಂತಲ್ಲೇ ನಿಂತೀತು. ಮರಳದಿಣ್ಣೆಯೋ ಗಾಳಿಯೊಡನೆ ಸರಿಯುತ್ತದೆ. ಆದ್ದರಿಂದ ಅಲ್ಲಿಯ ಅಳತೆ ಒಮ್ಮೆಗೆ ಮುಗಿಯುವಂಥದಲ್ಲ.

ಈ ಇಲಾಖೆ 1767ರಷ್ಟು ಹಳೆಯದು. 1802ರಲ್ಲಿ ಲ್ಯಾಂಬ್ಟನ್ ಮದರಾಸಿನಲ್ಲಿ ತ್ರಿಕೋನಮಾಪನ ಆರಂಭಿಸಿದನು. ಅದನ್ನು ತಾಳೆನೋಡಲು 1804ರಲ್ಲಿ ಆಧಾರರೇಖೆ ಅಳೆದದ್ದು ನಮ್ಮ ಬೆಂಗಳೂರಿನ ಬಳಿ! ಆಗ ಸರಪಣಿ, ಥಿಯೋಡೊಲೈಟುಗಳಿಂದ ನಡೆದ ಕೆಲಸಕ್ಕೆ ಇಂದು ಉಪಗ್ರಹ, ಡ್ರೋನುಗಳು ಒದಗಿವೆ.

ಗೆರೆ ಎಳೆಯುವುದರಿಂದ ನಮಗೇನು ಎನ್ನುವಿರಾ? ಸುತ್ತಲ ನೆಲಕ್ಕಿಂತ 100 ಮೀಟರು ಎತ್ತರವಿದ್ದರೆ ಮಾತ್ರ ಅರಾವಳಿಯ ಗುಡ್ಡವೆಂಬ ವ್ಯಾಖ್ಯೆಯನ್ನು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಒಪ್ಪಿತು. ಎಂದರೆ ಭೂಪಟದಲ್ಲಿ ಸುಮಾರು ಐದು ಗೆರೆಗಳ ಮಾತು. ಅದಕ್ಕಿಂತ ಕುಳ್ಳಾದ ಗುಡ್ಡಗಳು ಗಣಿಗಾರಿಕೆಗೆ ಬಲಿಯಾದಾವೆಂದು ಅನೇಕರು ಕಳವಳಪಟ್ಟರು. ಡಿಸೆಂಬರಿನಲ್ಲಿ ನ್ಯಾಯಾಲಯವೇ ಆ ಆಜ್ಞೆಯನ್ನು ತಡೆಹಿಡಿಯಿತು. ಮರಳು ಚಲಿಸುವುದು ನೆಲದ ಹತ್ತಿರದಲ್ಲೇ. ಅದನ್ನು ತಡೆಯುವಲ್ಲಿ ಕುಳ್ಳು ಗುಡ್ಡದ ಪಾಲೂ ಉಂಟು.

ಕಡತದಲ್ಲಿ ಒಂದು ಪದದ ಅರ್ಥ ಬದಲಾದರೆ ಎಷ್ಟು ಸಂಸಾರಗಳ ಹಣೆಬರಹ ಬದಲಾಗುವುದೆಂದು ಗುಮಾಸ್ತರಾದ ನಾವು ಬಲ್ಲೆವು. ಗುಡ್ಡಕ್ಕೂ ಅದೇ ಪಾಡು. ಮುಂದಿನ ರಜೆಯಲ್ಲಿ ಮಕ್ಕಳನ್ನು ದಿಲ್ಲಿಯ ರಿಡ್ಜಿಗೆ ಕರೆದೊಯ್ಯೋಣ. ಕಾಲಡಿಯ ಬಂಡೆಯನ್ನು ತೋರಿಸಿ, "ಇದೂ ಅರಾವಳಿ ಕಣೋ" ಎನ್ನೋಣ.